ಬಲಿ ನೀರಾಗ ಅದ

ಹೊಳೆಯ ಆಮೆಯನ್ನು ಎಣಿಸುವುದೆಂದರೆ ಅದರ ಮೂಗನ್ನು ಎಣಿಸುವುದು. ಮೆದುಚಿಪ್ಪಿನ ಆಮೆ ಉಸಿರಿಗಾಗಿ ಮೇಲೆ ಬಂದಾಗ ಕಾಣುವುದು ಕಿರುಬೆರಳಿನ ತುದಿಯಷ್ಟು ಮೂಗು ಮಾತ್ರ. ಎರಡು ಉಸಿರು ಎಳೆದು ಮುಳುಗಿತೆಂದರೆ ಮತ್ತೆಲ್ಲಿ ಏಳುತ್ತದೋ ಹೇಳಲು ಬಾರದು. ಹಾಗಾಗಿ ಒಂದೊಂದು ಮಡುವಿನ ದಂಡೆಯಲ್ಲೂ ಒಂದು ತಾಸು ಅಲುಗದೆ ಕೂತು, ಮೂಗು ಕಂಡ ಜಾಗ, ಕಂಡ ನಿಮಿಷ ಎರಡನ್ನೂ ಬರೆಯಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೊನೆಯ ಬೆಂಚಿನಲ್ಲಿ ಯಾರ ಬಾಯಲ್ಲಿ ಹುಣಸೆಹಣ್ಣಿದೆಯೆಂದು ಬೋರ್ಡಿನ ಕಡೆ ಮುಖ ಮಾಡಿಯೇ ಹೇಳಬಲ್ಲೆ. ಇದೆಷ್ಟರ ಕೆಲಸ ಎಂದುಕೊಂಡು ಏಪ್ರಿಲ್ ರಜೆಯಲ್ಲಿ ಭೀಮಾ ಹೊಳೆಗೆ ಸ್ವಯಂಸೇವಕಿಯಾಗಿ ಬಂದಿದ್ದೆ.

ನಮ್ಮ ಸಂಯೋಜಕರು ಕರಾವಳಿಯವರು. ಅಲ್ಲಿನ ಮೀನುಗಾರರ ಜೊತೆ ಸೇರಿ, ಸಮುದ್ರದಲ್ಲಿ ಕಳೆದುಹೋದ ಬಲೆಗಳನ್ನು ಎತ್ತುವ ಕೆಲಸವನ್ನು ಹಲವು ವರ್ಷ ಮಾಡಿದವರು. ಕಳೆದುಹೋದ ಬಲೆ ಸುಮ್ಮನಿರುವುದಿಲ್ಲ, ಹಾಕಿದವನು ಮರೆತರೂ ಅದು ಹಿಡಿಯುತ್ತಲೇ ಇರುತ್ತದೆ ಎಂದು ಮೊದಲ ದಿನದ ತರಬೇತಿಯಲ್ಲಿ ಹೇಳಿದ್ದರು. ಅಫಜಲಪುರದಿಂದ ಜೇವರ್ಗಿ ಸೇತುವೆಯ ತನಕ ಹೊಳೆಯನ್ನು ತುಂಡು ಮಾಡಿ ನಮಗೆಲ್ಲ ಹಂಚಿದ್ದರು. ಅವರು ಜೇವರ್ಗಿ ಕಡೆ ಇರುತ್ತಿದ್ದರು. ಅಫಜಲಪುರ ತಾಲೂಕಿನ ಒಂದು ಬ್ಯಾರೇಜಿನ ಕೆಳಗಿನ ತುಂಡು ನನ್ನ ಪಾಲಿಗೆ ಬಂದಿತ್ತು.

ನನ್ನೂರು ಆಳಂದ ತಾಲೂಕಿನಲ್ಲಿ, ಜಿಡಗಾಕ್ಕೆ ಹತ್ತಿರ. ತೊಗರಿ ಬೆಳೆಯುವ ಕಪ್ಪು ಮಣ್ಣು, ಬೆಳಿಗ್ಗೆ ಎದ್ದರೆ ಲಿಂಗಪೂಜೆ, ಮೀನಿನ ಮಾತೂ ಎತ್ತದ ಮನೆ. ನನಗೆ ಈಜು ಬಾರದು. ಅವ್ವ ಫೋನಿನಲ್ಲಿ, "ಆಮಿ ಎಣಸವರು ನಮ್ಮ ಮನಿತನದಾಗ ಯಾರೂ ಹುಟ್ಟಿದ್ದಿಲ್ಲ, ಕೊನಿಗಿ ನೀ ಒಬ್ಬಾಕಿ ಹುಟ್ಟಿದಿ ನೋಡು" ಎಂದು ನಕ್ಕಿದ್ದಳು.

ದಂಡೆಯ ಊರಿನ ಒಬ್ಬ ಅಂಬಿಗ ಮುತ್ಯಾ ನನಗೆ ಹರಿಗೋಲು ಹಾಕಲು ಒಪ್ಪಿದ. ಎಪ್ಪತ್ತು ದಾಟಿದ, ಬತ್ತಿದ ಮೈಯ ಮುದುಕ. ಹೊಳೆ ಬೇಸಿಗೆಯಲ್ಲಿ ಬತ್ತಿ ಬಂಡೆಗಳೆದ್ದು, ಅಲ್ಲಲ್ಲಿ ಆಳದ ಮಡುಗಳಲ್ಲಿ ಮಾತ್ರ ನೀರು ನಿಂತಿತ್ತು. ಪ್ರತಿ ಮಡುವಿಗೂ ಕರೆದೊಯ್ಯುತ್ತೇನೆಂದ, ಒಂದನ್ನು ಬಿಟ್ಟು.

"ಕಲ್ಲಮಡುವಿಗಿ ಮಾತ್ರ ಕೇಳಬ್ಯಾಡ್ರಿ ಟೀಚರಬಾಯಿ. ಅಲ್ಲಿ ನಮ್ಮ ಮಗನ ಬಲಿ ಅದ."

ಮೂರು ವರ್ಷದ ಹಿಂದೆ ಮಗ ಮುಂಜಾನೆ ಹೋದವನು ಬರಲಿಲ್ಲವಂತೆ. ಮೇಲಿನಿಂದ ಒಮ್ಮೆಲೇ ನೀರು ಬಂದಿತ್ತು. ಎಂಟು ದಿನ ಹುಡುಕಿದರು, ಹೆಣ ಸಿಗಲಿಲ್ಲ. ನಾನು ಮುಂದೆ ಕೇಳಲಿಲ್ಲ. ಹೊಳೆ ಬಲಿ ತೆಗೆದುಕೊಂಡ ಜಾಗವನ್ನು ಕೆದಕುವುದು ಸಭ್ಯತೆಯಲ್ಲ ಅನ್ನಿಸಿತು.

ಅವನ ಸೊಸೆ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮೂವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಣ್ಣು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಗಂಡ ಹೋದ ಮೇಲೂ ಬಳೆ ಒಡೆಸಿಲ್ಲ, ಮುದುಕ ದೊಡ್ಡ ಮನುಷ್ಯನೇ ಸರಿ ಎಂದು ಮನಸ್ಸಿನಲ್ಲೇ ಶಹಭಾಸ್ ಅಂದೆ. ಬಸವಣ್ಣನ ಹೆಸರು ಹೇಳುವ ನಮ್ಮ ಕೆಲವು ಮನೆಗಳಲ್ಲೂ ಇಷ್ಟು ಧೈರ್ಯ ನೋಡಿರಲಿಲ್ಲ. ಆದರೂ ನಾಲಿಗೆ ಸುಮ್ಮನಿರಬೇಕಲ್ಲ.

"ನಿಮ್ಮ ಮನ್ಯಾರು..." ಎಂದು ಅವಳ ಗಂಡನ ಮಾತು ಶುರು ಮಾಡಿ ನಡುವೆ ನಿಲ್ಲಿಸಿದೆ.

"ಬಲಿ ನೀರಾಗ ಅದರಿ ಅಕ್ಕೋರ," ಎಂದಳು. ದುಃಖವಿಲ್ಲದ, ದಿನನಿತ್ಯದ ದನಿ. ಒಳಗೆ ಹೋದಳು.

ಆ ಸಂಜೆ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಸಂಯೋಜಕರು, "ನಂಬಿಕೆಯ ಜಾಗ ಅಲ್ವಾ ಮಾರಾಯ್ರೇ, ಕಾಲಿಡುವುದು ಬೇಡ. ದಂಡೆಯಿಂದಲೇ ನೋಡಿ," ಅಂದರು. ನಕ್ಷೆಯಲ್ಲಿ ಆ ಮಡುವಿಗೆ ಕೆಂಪು ಗೆರೆ ಸುತ್ತಿ 'ಬಲಿಯ ಮಡು, ಪ್ರವೇಶವಿಲ್ಲ' ಎಂದು ಬರೆದರು.

ಎರಡನೇ ದಿನ ಮಟಮಟ ಮಧ್ಯಾಹ್ನ ಕಲ್ಲಮಡುವಿನ ಮೇಲಿನ ಜಾಲಿಯ ನೆರಳಲ್ಲಿ ಕೂತೆ. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿತ್ತು. ಹಕ್ಕಿಯ ಸದ್ದೂ ಇರಲಿಲ್ಲ. ಮೂರು ಕಡೆ ಕರಿಬಂಡೆ, ನಡುವೆ ಹಸಿರುಗಪ್ಪು ನೀರು. ಮಡುವಿನ ಮಧ್ಯೆ ಎರಡು ಕೆಂಪು ಪ್ಲಾಸ್ಟಿಕ್ ಡಬ್ಬಿಗಳು ತೇಲುತ್ತಿದ್ದವು. ಯಾರದೋ ಹರಕೆಯಿರಬೇಕು ಅಂದುಕೊಂಡೆ. ಗಾಳಿ ಎಲೆ ಅಲುಗುವಷ್ಟೂ ಇರಲಿಲ್ಲ. ಆದರೂ ಒಂದು ಡಬ್ಬಿ ಮೆಲ್ಲಗೆ ತಲೆ ಬಗ್ಗಿಸಿತು, ಅರ್ಧ ಮುಳುಗಿತು, ಮೇಲ್ಗಡೆಗೆ ಒಂದು ಮಾರು ಸರಿದು ಮತ್ತೆ ನಿಂತಿತು. ಸ್ವಲ್ಪ ಹೊತ್ತಿಗೆ ಅಲ್ಲೇ ಒಂದು ಮೂಗು ಎದ್ದಿತು. ದಪ್ಪ ಮೂಗು, ಹೆಬ್ಬೆರಳಿನಷ್ಟು. ಸಮಯ ಬರೆದುಕೊಂಡೆ.

ಎದ್ದು ಬರುವಾಗ ದಂಡೆಗೆ ಕಟ್ಟಿದ್ದ ಮುತ್ಯಾನ ಹರಿಗೋಲು ನೋಡಿದೆ. ಅದರ ತಳ ಹಸಿಯಾಗಿತ್ತು. ಆ ಬಿಸಿಲಿನಲ್ಲಿ ನೀರು ಚೆಲ್ಲಿದರೆ ಐದು ನಿಮಿಷ ನಿಲ್ಲದು. ಪಕ್ಕದ ಬಂಡೆಯ ಮೇಲೆ ಒಂದೆರಡು ಒದ್ದೆ ಹೆಜ್ಜೆ ಅರ್ಧ ಆರಿದ್ದವು. ಮುತ್ಯಾ ಮನೆಯ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ಕೇಳಿದರೆ, ಕಣ್ಣುಜ್ಜಿಕೊಂಡು ಬೇಫಿಕರ್ ಆಗಿ ಹೇಳಿದ:

"ನಾ ಎಲ್ಲಿ ಒಯ್ದೇನ್ರಿ? ಅಂವ ಒಯ್ದಿರ್ತಾನ. ಮೂರು ವರ್ಷಾತು, ಯಾವಾಗರ ಒಯ್ತಾನ. ತಂದು ಇದ್ದ ಜಾಗಕ್ಕ ಕಟ್ಟತಾನ."

ದೆವ್ವ ಭೂತ ನಂಬುವವಳು ನಾನಲ್ಲ. ಆದರೆ ಆ ರಾತ್ರಿ ದೀಪ ಆರಿಸದೆ ಮಲಗಿದೆನೆಂದು ಒಪ್ಪಿಕೊಳ್ಳಬೇಕು.

ನಾಲ್ಕನೇ ದಿನ ಬೆಳಿಗ್ಗೆ ಮಡುವಿನ ಅಂಚಿನ ಚಪ್ಪಟೆ ಕಲ್ಲಿನ ಮೇಲೆ ಐದು ಸತ್ತ ಆಮೆಗಳಿದ್ದವು. ನೀರು ತಂದು ಎಸೆದ ಹಾಗಲ್ಲ. ಒಂದರ ಪಕ್ಕ ಒಂದು, ಸಾಲಾಗಿ, ಎಲ್ಲವುಗಳ ತಲೆಯೂ ಹೊಳೆಯ ಕಡೆ. ಒಂದೊಂದರ ಬೆನ್ನ ಮೇಲೂ ಚಿಟಿಕೆ ಕುಂಕುಮ. ಮೂಗಿಗೆ ಸೆರಗು ಕಟ್ಟಿಕೊಂಡು ಟೇಪು ಹಿಡಿದು ಚಿಪ್ಪಿನ ಉದ್ದ, ಅಗಲ ಬರೆದೆ. ಎರಡನೇ ಸಲ ಲೆಕ್ಕಕ್ಕೆ ಬಾರದಿರಲೆಂದು ಬಣ್ಣದ ಗುರುತು ಹಾಕಿದೆ. ಎಲ್ಲದರ ಕುತ್ತಿಗೆಯಲ್ಲೋ ಕಾಲಿನಲ್ಲೋ ಕೂದಲಿನಷ್ಟು ಸಣ್ಣ ಗೆರೆಯ ಗಾಯವಿತ್ತು. ಫೋಟೋ ಕಳಿಸಿದ ಎರಡೇ ನಿಮಿಷಕ್ಕೆ ಸಂಯೋಜಕರ ಫೋನು ಬಂತು.

"ಇದು ನೈಲಾನಿನ ಗಾಯ. ನಿಮ್ಮ ತುಂಡಿನಲ್ಲಿ ಎಲ್ಲೋ ಬಲೆ ಬಿದ್ದಿದೆ. ಕೇಳಿ ನೋಡಿ."

ಮುತ್ಯಾನ ಬಳಿ ಓಡಿದೆ. "ಮುತ್ಯಾ, ಇಲ್ಲೆಲ್ಲರ ನೀರಾಗ ಬಲೆ ಬಿದ್ದದೇನು?"

"ಏನು ಬಿದ್ದದರಿ?"

"ಬಲೆ. ಮೀನು ಹಿಡಿಯೋದು."

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯ, ಬಲಿ ಅನ್ರಲ್ಲ! ಮೊದಲನೇ ದಿನಾನೇ ಹೇಳೀನಿ, ಕಲ್ಲಮಡುವಿನ್ಯಾಗ ನಮ್ಮ ಮಗನ ಬಲಿ ಅದ ಅಂತ. ಡಬ್ಬಿ ಕಾಣಾಂಗಿಲ್ಲೇನು, ಕೆಂಪುವು?"

ನಮ್ಮ ಕಡೆ ಮನೆ ಮನಿಯಾಗುತ್ತದೆ, ಹೊಳೆ ಹೊಳಿಯಾಗುತ್ತದೆ, ಆಮೆ ಆಮಿಯಾಗುತ್ತದೆ. ಬಲೆ ಬಲಿಯಾಗದೆ ಇನ್ನೇನಾದೀತು? ಹನ್ನೆರಡು ವರ್ಷ 'ಮನಿ ಅಲ್ಲ, ಮನೆ' ಎಂದು ಮಕ್ಕಳ ನೋಟುಬುಕ್ಕಿಗೆ ಕೆಂಪು ಗೆರೆ ಎಳೆದವಳು ನಾನು. ಬಲೆಯನ್ನೇ ಕಾಣದ ತೊಗರಿ ಸೀಮೆಯ ಕಿವಿ, ಬಲಿ ಎಂದಾಗ ಕೇಳಿಸಿಕೊಂಡದ್ದು ಬಲಿಯನ್ನೇ. ನನ್ನ ಈ ಜಾಣತನಕ್ಕೆ ನಾಲ್ಕು ದಿನ ಆಮೆಗಳು ಸತ್ತವು. ಇದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

"ಮತ್ತ ನೀವು ಯಾಕ ತೆಗದಿಲ್ಲ ಮುತ್ಯಾ?"

"ಮಗ ಹಾಕಿದ ಬಲಿ ಅಪ್ಪ ಎಳಿಬಾರದ್ರಿ. ನಮ್ಮಾಗ ರಿವಾಜ ಇಲ್ಲ. ಮನಿಯಾಕಿ ಎಳಿಬೇಕು. ಆಕಿ ಒಲ್ಲೆ ಅಂತಾಳ." ದನಿ ಇಳಿಸಿ ಸೇರಿಸಿದ: "ಖರೆ ಹೇಳ್ತೇನಿ, ನನಗೂ ಧೈರ್ಯ ಇಲ್ಲ. ಎಳದ್ರ ಅದರಾಗ ಏನ್ ಬರ್ತದೋ."

ಆರನೇ ದಿನದ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಇನ್ನೊಂದು ವಿಷಯ ಎದ್ದು ಕಾಣುತ್ತಿತ್ತು. ಬೇರೆ ಮೂಗುಗಳು ಮಡುವಿನ ತುಂಬ ಎಲ್ಲೆಲ್ಲೋ ಏಳುತ್ತಿದ್ದವು. ಆ ದಪ್ಪ ಮೂಗು ಮಾತ್ರ ಎರಡು ದಿನದಿಂದ ಡಬ್ಬಿಗಳ ನಡುವೆ ಅದೇ ಜಾಗದಲ್ಲಿ, ಹನ್ನೊಂದು ಹನ್ನೆರಡು ನಿಮಿಷಕ್ಕೊಮ್ಮೆ ಏಳುತ್ತಿತ್ತು. ಒಂದು ಕೈಯಳತೆಯೂ ಆಚೀಚೆ ಇಲ್ಲ. ಮುತ್ಯಾ ಅದನ್ನು ಹಿರೇಕಿ, ಎಲ್ಲಕ್ಕೂ ಹಿರಿಯಳು, ಎನ್ನುತ್ತಿದ್ದ. ಅವನ ಲಗ್ನದ ವರ್ಷವೂ ಅಷ್ಟೇ ದೊಡ್ಡದಿತ್ತಂತೆ. ನನಗೆ ತಡವಾಗಿ ಹೊಳೆಯಿತು. ಅದರ ಕಾಲು ಬಲೆಗೆ ಸಿಕ್ಕಿದೆ. ಮೇಲೆ ಬಂದು ಉಸಿರಾಡಲು ಎಷ್ಟು ಬೇಕೋ ಅಷ್ಟೇ ಸಡಿಲ ಉಳಿದಿದೆ. ಅದೇ ಮುಂಜಾನೆ ಬ್ಯಾರೇಜಿನ ಕಾವಲುಗಾರ ಬಂದು, ಕೆಳಗಿನ ಊರುಗಳ ಕುಡಿಯುವ ನೀರಿಗಾಗಿ ನಾಳೆ ಬೆಳಗ್ಗೆ ಗೇಟು ಎತ್ತುತ್ತಾರೆ, ದಂಡೆಯಲ್ಲಿ ಸಾಮಾನು ಇಡಬೇಡಿ ಎಂದು ಹೇಳಿ ಹೋಗಿದ್ದ. ಮಡುವಿನ ನೀರು ಮೊಳಕಾಲಿನಷ್ಟು ಏರಿದರೂ ಸಾಕು, ಹಿರೇಕಿಯ ಮೂಗು ಮೇಲೆ ಮುಟ್ಟುವುದಿಲ್ಲ.

ಬಲೆಯ ವಿಷಯ ತಿಳಿಸಿದಾಗ, ಸಾಮಾನು ಕೂಡಿಸಿಕೊಂಡು ಬರಲು ಎರಡು ಮೂರು ದಿನ ಬೇಕು ಎಂದಿದ್ದ ಸಂಯೋಜಕರು, ಗೇಟಿನ ಸುದ್ದಿ ಕೇಳಿ ಅಂದೇ ಮಧ್ಯಾಹ್ನದ ಒಳಗೆ ಬಂದರು. ಕೈಗವಸು, ಮೊಂಡು ತುದಿಯ ಚಾಕು, ಹಗ್ಗಕ್ಕೆ ಕಟ್ಟಿದ ಮೂರು ಕೊಂಡಿಯ ಗಾಳ, ಎಲ್ಲ ತಂದಿದ್ದರು. "ನೀರೊಳಗಿನ ಬಲೆಯನ್ನು ಎಳೆಯಬಾರದು, ಎತ್ತಬೇಕು," ಎಂದು ನನಗೆ ಮತ್ತೊಮ್ಮೆ ಪಾಠ ಹೇಳಿದರು. ನಾವಿಬ್ಬರೂ ಕೈಮುಗಿದು ಕೇಳಿಕೊಂಡ ಮೇಲೆ ಮುತ್ಯಾ ಹುಟ್ಟು ಹಾಕಲು ಮಾತ್ರ ಒಪ್ಪಿದ. ಡಬ್ಬಿಯ ಹತ್ತಿರ ಹೋಗಿ ಗಾಳ ಬಿಟ್ಟರು. ಸಿಕ್ಕಿತು. ಮೆಲ್ಲಗೆ ಎತ್ತಿದಂತೆ ಪಾಚಿ ಹಿಡಿದು ಹಸಿರಾದ ಬಲೆ ನೀರಿನಿಂದ ಮೇಲೆ ಬಂತು. ಕೊಳೆತ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಆ ಹಸಿರಿನ ನಡುವೆ ಅಲ್ಲಲ್ಲಿ ಬಿಳಿ ಗಂಟುಗಳು. ಹೊಸ ನೂಲು. ಒಂದಿಷ್ಟೂ ಪಾಚಿ ಇಲ್ಲ.

ಮುತ್ಯಾನ ಕೈಯಿಂದ ಹುಟ್ಟು ನೀರಿಗೆ ಜಾರಿತು.

"ಇವು ನನ್ನ ಮಗನ ಗಂಟು," ಅಂದ. "ನೋಡ್ರಿ, ತಿರುವು ನೋಡ್ರಿ. ಅಂವ ಎಡಚ. ಈ ಊರಾಗ ಎಡಗೈ ಗಂಟು ಬ್ಯಾರೆ ಯಾರೂ ಹಾಕಾಂಗಿಲ್ಲ. ಮೊನ್ನಿ ಹಾಕ್ಯಾನ. ಇವು ಮೊನ್ನಿ ಹಾಕಿದ್ದು!"

ಆ ಕ್ಷಣದಲ್ಲೇ ಕೆಳಗಿನಿಂದ ಏನೋ ಬಲವಾಗಿ ಜಗ್ಗಿತು. ಹಗ್ಗ ಸರ್ರನೆ ಓಡಿ ಸಂಯೋಜಕರ ಅಂಗೈ ಸೀಳಿತು. ಹರಿಗೋಲು ವಾಲಿ ನೀರು ಒಳಗೆ ನುಗ್ಗಿತು. ಬಲೆ ಮತ್ತೆ ಕೆಳಗೆ ಹೋಯಿತು. ಜಗ್ಗಿದ್ದು ಹಿರೇಕಿ ಎಂದು ನನ್ನ ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಮುತ್ಯಾ ಎರಡೂ ಕೈಯಿಂದ ನೀರು ಬಡಿಯುತ್ತ ನಮ್ಮನ್ನು ದಂಡೆಗೆ ತಂದು ಹಾಕಿದ. ಬಲೆಯ ಹತ್ತಿರ ಇನ್ನು ಬರುವುದಿಲ್ಲ ಎಂದ.

ಸಂಯೋಜಕರು ಕೈಗೆ ಬಟ್ಟೆ ಸುತ್ತಿಕೊಂಡು ಲೆಕ್ಕ ಹಾಕಿದರು. ದಂಡೆಯ ಮೇಲೆ ಟ್ರ್ಯಾಕ್ಟರ್ ತರಿಸಿ ಹಗ್ಗ ಕಟ್ಟಿ ಎಳೆದರೆ ಬಲೆ ಬಂಡೆಗೆ ಹರಿದು ಬರುತ್ತದೆ. ಆ ದೊಡ್ಡ ಆಮೆ ಉಳಿಯಲಿಕ್ಕಿಲ್ಲ. "ಒಂದು ಹೋದೀತು, ಮುಂದಿನ ಹತ್ತು ಉಳಿದಾವು. ನಾಳೆ ನೀರು ಬಂದರೆ ಎರಡೂ ಇಲ್ಲ." ಅವರ ಮಾತು ಸರಿಯೇ. ಆದರೆ ಐದು ದಿನ ಒಂದು ಮೂಗನ್ನು ಗಡಿಯಾರ ಹಿಡಿದು ಕಾದವಳಿಗೆ ಆ ಲೆಕ್ಕ ಒಪ್ಪಿಗೆಯಾಗಲಿಲ್ಲ. ಒಂದು ತಾಸು ಕೊಡಿ, ಟ್ರ್ಯಾಕ್ಟರ್ ಕರೆಯಬೇಡಿ ಎಂದೆ. ಮನಿಯಾಕಿ ಎಳಿಬೇಕು ಎಂದಿದ್ದನಲ್ಲ ಮುದುಕ. ಅವಳನ್ನೇ ಕೇಳುವುದೆಂದು ಹೊರಟೆ.

ಅವಳು ಚಪ್ಪರದ ಕೆಳಗೆ ಜೋಳ ಹಸನು ಮಾಡುತ್ತ ಕೂತಿದ್ದಳು. ನಿಮ್ಮ ಯಜಮಾನರ ಆತ್ಮಕ್ಕೆ ಶಾಂತಿ ಸಿಗಲಿ ಎಂಬಂಥ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮುಂಚೆ ಚಪ್ಪರದ ಗಳಕ್ಕೆ ಸಿಕ್ಕಿಸಿದ ಬಲೆ ಹೆಣೆಯುವ ಬಿದಿರಿನ ಸೂಜಿ ಕಂಡಿತು. ಅದಕ್ಕೆ ಸುತ್ತಿದ್ದ ನೂಲು ಬಿಳಿ, ಹೊಸದು.

"ಗಂಟು ನೀ ಹಾಕೀಯೇನು ತಂಗಿ?"

ಮೊರ ನಿಂತಿತು. ಸೂಜಿಯ ಕಡೆ ನೋಡಿ ಹೇಳಿದಳು: "ಅಂವ ಎಡಚ ಇದ್ದಾನ ಅಕ್ಕೋರ. ಲಗ್ನಾದ ಹೊಸದಾಗ ಇದೇ ಕಟ್ಟಿಮ್ಯಾಲ ಕುಂತು ಕಲಿಸ್ಯಾನ. ನನಗ ಬಲಗೈಲೆ ಹಾಕಾಕ ಬರೂದೇ ಇಲ್ಲ."

ಎಲ್ಲರೂ ಮಲಗಿದ ಮಧ್ಯಾಹ್ನ ಹರಿಗೋಲು ಬಿಚ್ಚಿಕೊಂಡು ಹೋಗುತ್ತಿದ್ದಳು. ನಾನು ಜಾಲಿಯ ನೆರಳಲ್ಲಿ ಕೂತಿದ್ದ ದಿನ ನನ್ನನ್ನು ಕಂಡು ಅರ್ಧದಾರಿಗೇ ತಿರುಗಿದ್ದಳಂತೆ. ಬಲೆಯನ್ನು ಗೇಣು ಗೇಣು ಎತ್ತಿ, ಹರಿದಲ್ಲಿ ಗಂಟು ಹಾಕಿ, ಮತ್ತೆ ನೀರಿಗೆ ಬಿಡುತ್ತಿದ್ದಳು. ಸಿಕ್ಕ ಮೀನನ್ನು ಮನೆಗೆ ತಂದವಳಲ್ಲ. ಸತ್ತ ಆಮೆಗಳನ್ನು ಬಿಡಿಸಿ ಕಲ್ಲಿನ ಮೇಲೆ ಮಲಗಿಸಿ ಕುಂಕುಮ ಇಟ್ಟವಳೂ ಅವಳೇ.

"ಯಾಕ ತಂಗಿ? ಮೂರು ವರ್ಷ ಯಾಕ?"

"ನಮ್ಮಾಗ ಗಂಡಸು ಹೊಳಿಗಿ ಹೋದಾಗ ಯಾರರ ಬಂದು ಎಲ್ಲಿ ಅಂತ ಕೇಳಿದ್ರ, ಹೋಗ್ಯಾನ ಅನಬಾರದ್ರಿ. ಬಲಿ ನೀರಾಗ ಅದ ಅನಬೇಕು. ಬಲಿ ನೀರಾಗ ಇರೂತನಾ ಅಂವ ಕೆಲಸದ ಮ್ಯಾಲ ಇದ್ದಂಗ. ಎಲ್ಲಾರೂ ಸತ್ತಾನ ಅಂತಾರ. ಯಾರರ ತೋರಿಸ್ಯಾರೇನು? ಬಲಿ ಹರದು ಹೋತು ಅಂದ್ರ, ಬಂದು ಕೇಳಿದವರಿಗಿ ನಾ ಏನ್ ಹೇಳ್ಲಿ?"

ಮೊದಲ ದಿನ ತಂಬಿಗೆ ಇಟ್ಟು ಅವಳು ಹೇಳಿದ ಮಾತು ಆಗ ನನಗೆ ಕೇಳಿಸಿತು. ಅವಳು ಗಂಡ ಸತ್ತನೆಂದು ಹೇಳಿರಲಿಲ್ಲ. ಕೆಲಸಕ್ಕೆ ಹೋಗಿದ್ದಾನೆ ಎಂದಿದ್ದಳು. ನಾನು ಶಹಭಾಸ್ ಕೊಟ್ಟ ಆ ಹಸಿರು ಬಳೆ ಧೈರ್ಯದ್ದಾಗಿರಲಿಲ್ಲ. ಮುತ್ತೈದೆಯ ಬಳೆಯಾಗಿತ್ತು. ನಾಚಿಕೆಯಾಯಿತು. ಅವಳ ಗಂಡ ಸತ್ತಿದ್ದಾನೆಂದು ಹೇಳಲು ನಾನು ಯಾರು?

ಅದನ್ನು ಹೇಳಲಿಲ್ಲ. ನೋಟುಬುಕ್ಕು ತೆರೆದು ಅವಳ ಮುಂದಿಟ್ಟೆ. ಮೂಗು ಏಳುವ ಜಾಗ ತೋರಿಸಿದೆ, ನಿಮಿಷ ಓದಿದೆ, ನಾಳೆ ಬರುವ ನೀರಿನ ಮಾತು ಹೇಳಿದೆ. "ಹಿರೇಕಿ ಅಲ್ಲೇ ಸಿಕ್ಕೊಂಡಾಳ ತಂಗಿ. ಇನ್ನೂ ಉಸರಾಡಾಕತ್ತಾಳ. ನಾಳಿ ಆಗೂದಿಲ್ಲ."

"ಎರಡೂ ಡಬ್ಬಿ ನಡುವೇನ್ರಿ?"

"ಬರೋಬ್ಬರಿ ನಡುವ."

ಅವಳ ಮುಖದ ಬಣ್ಣ ಇಳಿಯಿತು. "ಅಲ್ಲಿ ದೊಡ್ಡ ಹರಕ ಇತ್ತರಿ. ಅಕಿ ಅದರಾಗ ಹಾದು ಹೋಗಾಕ ಬಂದಿದ್ದಳೇನೋ. ಮೊನ್ನಿ ನಾನೇ ಮುಚ್ಚೀನಿ." ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಸೀರೆಯನ್ನು ಕಚ್ಚೆ ಕಟ್ಟಿಕೊಂಡಳು. ಬಳೆಗಳು ನೂಲಿಗೆ ಸಿಗದಂತೆ ಮೊಳಕೈ ಕಡೆಗೆ ಸರಿಸಿ ಬಟ್ಟೆಯ ಚೂರಿನಿಂದ ಬಿಗಿದಳು.

ಸೊಸೆ ಹೊಳೆಯತ್ತ ನಡೆದದ್ದನ್ನು ನೋಡಿ ಮುತ್ಯಾ ದಂಡೆಗೆ ತೇಲಿ ಬಂದಿದ್ದ ಹುಟ್ಟು ಎತ್ತಿಕೊಂಡ. ನಾನು ಲೈಫ್ ಜಾಕೆಟ್ ಬಿಗಿದುಕೊಂಡು ಗಡಿಯಾರ ಹಿಡಿದು ಕೂತೆ. ದಂಡೆಯಿಂದ ಸಂಯೋಜಕರು ಏನೋ ಸಲಹೆ ಕೂಗಲು ಹೊರಟು, ಅವಳ ಕೈ ನೋಡಿ ಸುಮ್ಮನಾದರು. ಅವಳು ಗಾಳ ಹಾಕಲಿಲ್ಲ. ಡಬ್ಬಿಯ ಬುಡಕ್ಕೆ ಕೈಯಿಳಿಸಿ, ಮೇಲಿನ ಹಗ್ಗ ಹುಡುಕಿ, ಗೇಣು ಗೇಣಾಗಿ ತೊಡೆಯ ಮೇಲೆ ಎತ್ತಿಕೊಂಡಳು. ಮುತ್ಯಾ ಬಿಳಿ ಗಂಟುಗಳನ್ನು ನೋಡಿ ಕಣ್ಣು ಮುಚ್ಚಿಕೊಂಡ.

"ಅಂಜಬ್ಯಾಡ್ರಿ ಮಾವಾ," ಅಂದಳು ತಲೆ ಎತ್ತದೆ. "ನನ್ನ ಗಂಟು ಅವು. ನಾನೇ ಹಾಕೀನಿ."

ಮುದುಕ ಕಣ್ಣು ತೆರೆದ. ಭಯ ಹೋದ ಅವನ ಮುಖದಲ್ಲಿ ಏನೋ ಕಳೆದುಕೊಂಡ ನೋವು ಕಂಡಿತು. ಮೂರು ವರ್ಷ ಮಗ ಹರಿಗೋಲು ಒಯ್ಯುತ್ತಾನೆಂದೇ ಬದುಕಿದ್ದವನು ಅವನೂ ತಾನೆ.

ಹಿರೇಕಿಯ ಬೆನ್ನು ನೀರಿನ ಕೆಳಗೆ ದೊಡ್ಡ ಪರಾತದಷ್ಟು ಕಂಡಿತು. ಹಿಂಗಾಲಿಗೆ ನೂಲು ಸುತ್ತಿ ಬಾತಿತ್ತು. ಅವಳು ತನ್ನ ಗಂಟುಗಳನ್ನು ಉಗುರಿನಿಂದ, ಹಲ್ಲಿನಿಂದ ಒಂದೊಂದಾಗಿ ಬಿಚ್ಚಿದಳು. ಚಾಕು ಕೊಡಲು ಹೋದರೆ ತಲೆ ಅಲ್ಲಾಡಿಸಿದಳು. ಕೊನೆಯ ಸುತ್ತು ಮಾಂಸದೊಳಗೆ ಇಳಿದಿತ್ತು, ಅದು ಬಿಚ್ಚಿ ಬರುವಂಥದ್ದಲ್ಲ. ಅಲ್ಲಿ ಅವಳ ಕೈ ನಿಂತಿತು. ಗಡಿಯಾರ ನೋಡಿದೆ. ಹಿರೇಕಿ ಉಸಿರೆಳೆದು ಹತ್ತು ನಿಮಿಷವಾಗಿತ್ತು.

"ಕೊಡ್ರಿ ಚಾಕು," ಅಂದಳು.

ಕೊಯ್ದಳು. ಆಮೆ ಅಲ್ಲೇ ಒಂದು ಗಳಿಗೆ ತೂಗಾಡಿ, ಕತ್ತಲ ನೀರಿಗೆ ಇಳಿದುಹೋಯಿತು. ಕಾದೆವು. ಡಬ್ಬಿಗಳ ನಡುವೆ ಏನೂ ಏಳಲಿಲ್ಲ. ಆಮೇಲೆ ಮಡುವಿನ ಆಚೆ ತುದಿಯಲ್ಲಿ, ಬಂಡೆಯ ಬುಡದಲ್ಲಿ, ಆ ದಪ್ಪ ಮೂಗು ಎದ್ದಿತು. ಸಮಯ ಬರೆಯುವುದನ್ನು ಮರೆತೆ. ನನ್ನ ಪಟ್ಟಿಯಲ್ಲಿ ಆ ಒಂದು ಸಾಲು ಈಗಲೂ ಖಾಲಿ.

ಅವಳು ನಿಲ್ಲಿಸಲಿಲ್ಲ. ಉಳಿದ ಬಲೆಯನ್ನೂ ಎತ್ತುತ್ತ ಹೋದಳು. ಬುಡದ ಕಲ್ಲುಗಳ ತನಕ, ಹೊತ್ತು ಇಳಿಯುವ ಮುಂಚೆ, ಪೂರ್ತಿ ಬಲೆ ದಂಡೆಗೆ ಬಂತು. ಅದರಲ್ಲಿ ಮೀನಿನ ಮುಳ್ಳು, ಸಣ್ಣ ಚಿಪ್ಪುಗಳು, ಜಾಲಿಯ ಕೊಂಬೆ ಇದ್ದವು. ಮುತ್ಯಾ ಮೊಣಕಾಲೂರಿ ಇಡೀ ಬಲೆಯನ್ನು ಕೈಯಾಡಿಸಿ ನೋಡಿದ. ಮನುಷ್ಯನ ಗುರುತು ಒಂದೂ ಇರಲಿಲ್ಲ.

ಎತ್ತಿದ ಪ್ರತಿ ಬಲೆಗೂ ಒಂದು ಫಾರಂ ತುಂಬಬೇಕು. ಸಂಯೋಜಕರು ಕಡಲ ಕೆಲಸದಿಂದ ತಂದ ಪದ್ಧತಿ ಅದು. ಅವರ ಕೈಗೆ ಗಾಯವಾಗಿದ್ದರಿಂದ ನಾನು ಬರೆಯುತ್ತಿದ್ದೆ. ಉದ್ದ, ಬಲೆಯ ಕಣ್ಣಿನ ಅಳತೆ, ಸಿಕ್ಕ ಜಾಗ ಬರೆದೆ. ಮಾಲೀಕರ ಹೆಸರು ಎಂದಾಗ ಅವಳು ಗಂಡನ ಹೆಸರು ಹೇಳದೆ ತಲೆ ತಗ್ಗಿಸಿದಳು, ಮುತ್ಯಾ ಹೇಳಿದ. ಮುಂದಿನ ಸಾಲಿನಲ್ಲಿ, ಮಾಲೀಕರು ಈಗ ಎಲ್ಲಿದ್ದಾರೆ ಎಂದಿತ್ತು. ಅದನ್ನು ಬಿಟ್ಟು ಕೆಳಗಿನ ಸಾಲಿಗೆ ಪೆನ್ನು ಇಳಿಸಿದೆ.

"ನಡುವ ಒಂದು ಬಿಟ್ಟರಲ್ಲ ಅಕ್ಕೋರ," ಅಂದಳು. "ಏನ್ ಕೇಳ್ಯಾದ ಅಲ್ಲಿ?"

ಓದಿದೆ. ಅವಳು ಬಲೆಯ ಕಡೆ ನೋಡಿದಳು. ಮೊಳಕೈಗೆ ಬಿಗಿದಿದ್ದ ಬಟ್ಟೆ ಬಿಚ್ಚಿದಳು. ಬಳೆಗಳು ಮುಂಗೈಗೆ ಇಳಿದವು, ಅವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ಬಲಿ ದಂಡಿಗಿ ಬಂತು, ಅಂತ ಬರೀರಿ."

ಮುತ್ಯಾ ಒದ್ದೆ ಬಲೆಯ ಮೇಲೆಯೇ ಕೂತು ಬಾಯಿಬಿಟ್ಟು ಅತ್ತ. ನಾನು ಅವಳು ಹೇಳಿದ ಹಾಗೆಯೇ ಬರೆದೆ. ತಿದ್ದಲಿಲ್ಲ.